ಅಫೀಲಿಯನ್ ಬಂತು, ಕಂಬಳಿ ತೆಗೆಯಿರಿ

ಈ ವರ್ಷವೂ ಬಂತು. ಜುಲೈ ಹತ್ತಿರವಾದರೆ ಆಷಾಢದ ಗಾಳಿಗಿಂತ ಮೊದಲು ಕಲಬುರಗಿಗೆ ಬರುವುದು ಅದೇ. "ನಾಳೆ ಬೆಳಿಗ್ಗೆ 5.27ಕ್ಕೆ ಅಫೀಲಿಯನ್ ಆರಂಭ. ಭೂಮಿ ಸೂರ್ಯನಿಂದ ದೂರ ಸರಿಯುತ್ತದೆ. ಆಗಸ್ಟ್ 22ರವರೆಗೆ ಹಿಂದೆಂದೂ ಕಾಣದ ಚಳಿ. ಮೈಕೈ ನೋವು, ಗಂಟಲು ನೋವು, ಕೆಮ್ಮು ಬರುತ್ತವೆ. ಬೆಚ್ಚಗಿರಿ. ನಿಮ್ಮವರಿಗೆಲ್ಲ ಕಳುಹಿಸಿ." ನಿಮಗೂ ಬಂದಿರುತ್ತದೆ, ಕೈ ಮುಗಿದ ಚಿತ್ರದ ಸಮೇತ. ಅಳಿಸಿ ಹಾಕಿದಿರೋ, ಬೀಗರ ಗುಂಪಿಗೆ ದಾಟಿಸಿದಿರೋ ಎಂದು ನಾನು ಕೇಳುವುದಿಲ್ಲ.

ನಾನಂತೂ ಈ ಸಂದೇಶದ ಅಭಿಮಾನಿ. ಕಲಬುರಗಿಯ ಬೇಸಿಗೆಗೆ ಇಷ್ಟು ತೃಪ್ತಿಕರವಾದ ಕಾರಣವನ್ನು ಇದುವರೆಗೆ ಯಾವ ಹವಾಮಾನ ಇಲಾಖೆಯೂ ಕೊಟ್ಟಿಲ್ಲ. ಅದರ ಲೆಕ್ಕ ನೋಡಿ: ಉಳಿದ ದಿನಗಳಲ್ಲಿ ಸೂರ್ಯ ನಮ್ಮಿಂದ 9 ಕೋಟಿ ಕಿ.ಮೀ. ದೂರದಲ್ಲಿರುತ್ತಾನಂತೆ, ಅಫೀಲಿಯನ್ ಹೊತ್ತಿಗೆ 15.2 ಕೋಟಿಗೆ ಹೋಗುತ್ತಾನಂತೆ. ಶುಕ್ರ ಗ್ರಹ ಸೂರ್ಯನಿಂದ ಇರುವ ದೂರವೇ ಸುಮಾರು 10.8 ಕೋಟಿ ಕಿ.ಮೀ. ಹಾಗಾದರೆ ವರ್ಷದ ಬಹುಪಾಲು ನಾವು ಶುಕ್ರನಿಗಿಂತಲೂ ಒಳಗೆ, ಸೂರ್ಯನ ಪಕ್ಕದ ಓಣಿಯಲ್ಲಿ ವಾಸವಾಗಿದ್ದೇವೆ. ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಸೂಪರ್ ಮಾರ್ಕೆಟ್‌ನಲ್ಲಿ ಆಟೊ ಕಾಯುತ್ತಾ ನಿಂತವರು ಯಾರೂ ಇದನ್ನು ಸುಳ್ಳೆನ್ನಲಾರರು.

ಅಫೀಲಿಯನ್ ಎಂಬುದು ಇದೆ. ಪ್ರತಿ ವರ್ಷ ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರ, ಸುಮಾರು 15.2 ಕೋಟಿ ಕಿ.ಮೀ.ಗೆ ಹೋಗುತ್ತದೆ. ಜನವರಿ ಮೊದಲ ವಾರದಲ್ಲಿ ಅತಿ ಸಮೀಪ, 14.7 ಕೋಟಿಗೆ ಬರುತ್ತದೆ. ವ್ಯತ್ಯಾಸ ಶೇ 3ರಷ್ಟು. ಈ ದೂರವೇ ಚಳಿ ಸೆಕೆಗಳನ್ನು ತೀರ್ಮಾನಿಸುವುದಾದರೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದವರು ಬೆವರಿ ನೀರಾಗಬೇಕಿತ್ತು. ಋತುಗಳನ್ನು ತಿರುಗಿಸುವುದು ಭೂಮಿಯ ಅಕ್ಷದ ಇಪ್ಪತ್ತಮೂರೂವರೆ ಡಿಗ್ರಿ ವಾಲು. ಇನ್ನೊಂದು ತಮಾಷೆ ಇದೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಮೇ 9–10ರ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಸಂದೇಶ ಕಂಬಳಿ ಹೊದೆಯಿರಿ ಎನ್ನುವ ದಿನಗಳಲ್ಲೇ ಸೂರ್ಯ ನಮ್ಮ ತಲೆಯ ಮೇಲೆ ನಿಂತಿರುತ್ತಾನೆ. ಮೋಡ ಅಡ್ಡ ಇರುತ್ತದೆ ಎಂಬುದಷ್ಟೇ ಅವನ ದುರದೃಷ್ಟ.

ಇದನ್ನೆಲ್ಲ ನಮ್ಮ ಓಣಿಯ ಕಾಕಾ ಅವರಿಗೆ ವಿವರಿಸಿದೆ. ಸಂದೇಶ ನನಗೆ ಬಂದದ್ದು ಅವರಿಂದಲೇ. ಪೂರ್ತಿ ಕೇಳಿಸಿಕೊಂಡು, "ಇರಲಿ ಬಿಡು ತಮ್ಮಾ, ಬೆಚ್ಚಗಿರಿ ಎಂದು ಹೇಳಿದರೆ ಯಾರಿಗೇನು ನಷ್ಟ?" ಎಂದರು. ಆಮೇಲೆ, ನಾಸಾ ಹೇಳಿದ್ದನ್ನು ನೀನೇಕೆ ಅಲ್ಲಗಳೆಯುತ್ತೀ ಎಂದೂ ಸೇರಿಸಿದರು.

ಈ ನಾಸಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಅಮೆರಿಕದವರ ತೆರಿಗೆ ಹಣದಲ್ಲಿ ನಡೆಯುವ ಆ ಸಂಸ್ಥೆ ನಮ್ಮ ಓಣಿಯ ಸಲುವಾಗಿ ಇಷ್ಟು ದುಡಿಯುತ್ತದೆ ಎಂದು ಅಲ್ಲಿಯವರಿಗೆ ಗೊತ್ತಾದರೆ ದಂಗೆಯೇಳುತ್ತಾರೆ. ದೀಪಾವಳಿಯ ರಾತ್ರಿ ಭಾರತ ಬಣ್ಣ ಬಣ್ಣವಾಗಿ ಹೊಳೆಯುವ ಚಿತ್ರ ತೆಗೆಯುವುದು ನಾಸಾ. ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ ಹಾದುಹೋಗುತ್ತದೆ, ಮೊಬೈಲ್ ದೂರ ಇಡಿ ಎಂದು ಎಚ್ಚರಿಸುವುದು ನಾಸಾ. ಆ ದೀಪಾವಳಿ ಚಿತ್ರವಾದರೋ ದೀಪಾವಳಿಯದಲ್ಲ. ಹಲವು ವರ್ಷಗಳ ಉಪಗ್ರಹ ಮಾಹಿತಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಊರುಗಳ ಬೆಳಕು ಎಲ್ಲೆಲ್ಲಿ ಹೆಚ್ಚಿದೆ ಎಂದು ತೋರಿಸಿದ ನಕ್ಷೆ. ಇನ್ನು ಯುನೆಸ್ಕೊ. ಅದು ನಮ್ಮ ರಾಷ್ಟ್ರಗೀತೆಗೆ ಪ್ರಥಮ ಬಹುಮಾನ ಕೊಟ್ಟು ಎಷ್ಟು ವರ್ಷಗಳಾದವೋ, ಬಹುಮಾನ ಇನ್ನೂ ಕೈಗೆ ಬಂದಿಲ್ಲ. ಅಂಥ ಸ್ಪರ್ಧೆಯನ್ನು ಅದು ನಡೆಸುವುದೇ ಇಲ್ಲ. ಇತ್ತ ಕಲಬುರಗಿಯಲ್ಲೇ 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಶಾಲೆಯ ಮಕ್ಕಳು ಸಾಲಾಗಿ ಹೋಗಿ ನೋಡಿ ಬರುತ್ತಾರೆ. ದೊಡ್ಡವರಿಗೆ ಅದು ಹತ್ತಿರವಾಯಿತು. ಆಟೊದಲ್ಲಿ ಹೋಗಿ ಕೇಳಬಹುದಾದ ವಿಜ್ಞಾನಕ್ಕೆ ಯಾರು ಮರ್ಯಾದೆ ಕೊಡುತ್ತಾರೆ?

ಕಾಕಾ ಸ್ವತಃ ಹುಡುಕುವುದಿಲ್ಲ ಎಂದು ತಿಳಿಯಬೇಡಿ. ಹುಡುಕುತ್ತಾರೆ, ಅದೂ ಬಾಯಲ್ಲಿ ಹೇಳಿ. ಅವರ ವಿಧಾನ ಸ್ವಾರಸ್ಯವಾಗಿದೆ. "ಅರಿಶಿನದಿಂದ ಸಕ್ಕರೆ ಕಾಯಿಲೆ ಪೂರ್ತಿ ಗುಣವಾಗುತ್ತದೆ" ಎಂದು ಮೊಬೈಲಿಗೆ ಹೇಳುತ್ತಾರೆ. ಗುಣವಾಗುತ್ತದೆಯೇ ಎಂದು ಕೇಳುವುದಿಲ್ಲ. ಗುಣವಾಗುತ್ತದೆ ಎಂದು ತಿಳಿಸುತ್ತಾರೆ. ಮೊಬೈಲ್ ವಿನಯವಂತ, ಹೌದು ಸಾಹೇಬರೇ ಎಂದು ಅದೇ ಶೀರ್ಷಿಕೆಯ ಹತ್ತಾರು ವಿಡಿಯೊ ಮುಂದಿಡುತ್ತದೆ. ಒಂದನ್ನು ನೋಡಿ ಮುಗಿಸಿದರೆ ಅದೇ ಜಾತಿಯ ಇನ್ನೊಂದು ತಾನಾಗಿ ಶುರುವಾಗುತ್ತದೆ, ಏಕೆಂದರೆ ಆ ಯಂತ್ರಕ್ಕೆ ಬೇಕಾಗಿರುವುದು ಅವರು ಪರದೆಯ ಮುಂದೆ ಕುಳಿತಿರುವುದು. ಸಕ್ಕರೆ ಇಳಿಯುವುದು ಅದರ ಕೆಲಸವಲ್ಲ. ಸಂಜೆಯ ಹೊತ್ತಿಗೆ ಕಾಕಾ ಅವರ ಬಳಿ ಇಪ್ಪತ್ತು ಸಾಕ್ಷಿಗಳಿರುತ್ತವೆ. ಊರಿನ ವೈದ್ಯರು ಒಬ್ಬರೇ. ಬಹುಮತ ಯಾವ ಕಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ವಿಡಿಯೊ ನೋಡುವ ಶ್ರಮವೂ ಬೇಡ, ಕೃತಕ ಬುದ್ಧಿಮತ್ತೆಯೇ ಮೇಲೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದಿಡುತ್ತದೆ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಇಂಥ ಉತ್ತರವೊಂದು ದಿನಕ್ಕೆ ಕನಿಷ್ಠ ಒಂದು ಸಣ್ಣ ಕಲ್ಲು ತಿನ್ನಬೇಕು, ಭೂವಿಜ್ಞಾನಿಗಳ ಸಲಹೆ ಎಂದು ಹೇಳಿ ಲೋಕವಿಖ್ಯಾತವಾಯಿತು. ನನಗೆ ರೋಮಾಂಚನವಾಯಿತು. ಇದು ನಿಜವಾದರೆ ಶಹಾಬಾದ್, ಚಿತ್ತಾಪುರ, ಸೇಡಂ ತಾಲ್ಲೂಕುಗಳಲ್ಲಿ ಹಸಿವು ಎಂಬುದೇ ಉಳಿಯುವುದಿಲ್ಲ. ಅರ್ಧ ಕರ್ನಾಟಕದ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರಸಿಯನ್ನು ಇನ್ನು ಜೋಳದ ರೊಟ್ಟಿಯ ಪಕ್ಕದಲ್ಲಿ ಬಡಿಸಬಹುದು. ಪಡಿತರದಲ್ಲಿ ಅಕ್ಕಿ ಐದು ಕಿಲೊವೋ ಹತ್ತು ಕಿಲೊವೋ ಎಂಬ ಜಗಳವೇ ಬೇಡ, ಗಣಿಯಿಂದ ನೇರ ತಟ್ಟೆಗೆ. ಆಮೇಲೆ ತಿಳಿಯಿತು: ಯಂತ್ರ ಆ ಸಲಹೆಯನ್ನು ಎತ್ತಿಕೊಂಡದ್ದು ಅಮೆರಿಕದ 'ದಿ ಆನಿಯನ್' ಎಂಬ ವಿಡಂಬನೆಯ ಪತ್ರಿಕೆಯಿಂದ. ಯಾರೋ ನಗಿಸಲು ಬರೆದದ್ದನ್ನು ಅದು ಗಂಭೀರವಾಗಿ ಕಲಿತುಕೊಂಡಿತ್ತು. ಅಂದಿನಿಂದ ಈ ಅಂಕಣ ಬರೆಯುವಾಗ ನನಗೆ ಒಳಗೊಳಗೇ ಅಳುಕು. ಸೂರ್ಯನ ಪಕ್ಕದ ಓಣಿ ಎಂದು ಮೇಲೆ ಬರೆದಿದ್ದೇನಲ್ಲ, ನಾಳೆ ಯಾವುದೋ ವಿದ್ಯಾರ್ಥಿ ಪರೀಕ್ಷೆಯಲ್ಲಿ ಅದನ್ನೇ ಬರೆದರೆ ಅಂಕ ಕಳೆಯಬೇಡಿ; ತಪ್ಪು ಅವನದಲ್ಲ.

ನಗುವುದು ಸುಲಭ. ಆದರೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನರನ್ನು ನೋಡಿ ನಗಲು ನನಗೆ ಬಾಯಿ ಬರುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ; ದೊಡ್ಡವು 4ರ ಆಸುಪಾಸಿನ ತೀವ್ರತೆಯವು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನೆಲಸಮವಾದದ್ದು ಈ ಭಾಗದವರಿಗೆ ಪಾಠಪುಸ್ತಕದ ಸಂಗತಿಯಲ್ಲ, ಆ ರಾತ್ರಿ ಇಲ್ಲಿನ ಹಾಸಿಗೆಗಳೂ ಅಲುಗಿದ್ದವು. ಅಂಥವರ ಮುಂದೆ ವಿಜ್ಞಾನಿ ನಿಂತು ಏನು ಹೇಳುತ್ತಾನೆ? ಮಳೆಯ ನೀರು ಆಳದ ಬಂಡೆಗಳ ಬಿರುಕಿಗೆ ಇಳಿದು ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳು ಬರುತ್ತವೆ, ದೊಡ್ಡದಾಗುವ ಸಂಭವ ಕಡಿಮೆ, ಆದರೆ ಯಾವ ಭೂಕಂಪವನ್ನೂ ದಿನ ಗಂಟೆ ಹೇಳಿ ಮುನ್ಸೂಚಿಸುವ ವಿಧಾನ ಜಗತ್ತಿನಲ್ಲಿ ಎಲ್ಲೂ ಇಲ್ಲ ಎನ್ನುತ್ತಾನೆ. ಪ್ರಾಮಾಣಿಕ ಮಾತು. ಆದರೆ ಮಗುವನ್ನು ಎತ್ತಿಕೊಂಡು ಬಯಲಲ್ಲಿ ಕುಳಿತ ತಾಯಿಗೆ ಆ ಪ್ರಾಮಾಣಿಕತೆಯಿಂದ ನಿದ್ದೆ ಬರುವುದಿಲ್ಲ. ಆಗ ಮೊಬೈಲಿನಲ್ಲಿ ಒಬ್ಬ ಬರುತ್ತಾನೆ, ಹಣೆಗೆ ಕುಂಕುಮವೋ ಕೊರಳಿಗೆ ಟೈಯೋ ಇರುತ್ತದೆ. "ಇಂದು ರಾತ್ರಿ ಇಷ್ಟು ಗಂಟೆಗೆ" ಎನ್ನುತ್ತಾನೆ. ಅವನ ಮಾತಿನಲ್ಲಿ ಬಹುಶಃ ಎಂಬುದೇ ಇಲ್ಲ. ಹೇಳಿದ್ದು ನಡೆಯದಿದ್ದರೆ ಅವನನ್ನು ಕೇಳುವವರೂ ಇಲ್ಲ. ಅಷ್ಟು ಹೊತ್ತಿಗೆ ಅವನು ಚಿನ್ನದ ದರಕ್ಕೆ ಹೋಗಿರುತ್ತಾನೆ.

ತೊಗರಿಯ ಕಥೆಯೂ ಇದೇ. 2019ರಲ್ಲಿ ನಮ್ಮ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತೆಂದು ಸಿಹಿ ಹಂಚಿದೆವು. 2022ರಲ್ಲಿ ಅದೇ ತೊಗರಿ ನೆಟೆ ರೋಗ ಬಡಿದು ನಿಂತಲ್ಲೇ ಒಣಗಿತು. ನೆಟೆ ತರುವ ಶಿಲೀಂಧ್ರ ಇರುವುದು ಮಣ್ಣಿನಲ್ಲಿ. ಬೇರಿನ ಮೂಲಕ ಒಳಹೊಕ್ಕು ನೀರು ಏರುವ ದಾರಿಯನ್ನೇ ಕಟ್ಟುತ್ತದೆ. ಗಿಡ ಬಾಡಿದ ಮೇಲೆ ಎಲೆಗೆ ಏನು ಸಿಂಪಡಿಸಿದರೂ ಅಷ್ಟೇ. ರೋಗ ತಡೆಯುವ ತಳಿ, ಬಿತ್ತುವ ಮೊದಲು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ, ಜೋಳದಂಥ ಬೆಳೆಯೊಂದಿಗೆ ಸರದಿ: ಮಾಡುವುದೆಲ್ಲ ಮುಂಚೆಯೇ. ವಿಡಿಯೊದಲ್ಲಿ ಮಾತ್ರ "ಒಂದೇ ಸಿಂಪಡಣೆ, ಮೂರೇ ದಿನ, ನೆಟೆ ಮಾಯ" ಇರುತ್ತದೆ. ಕೆಳಗೆ ಬಾಟಲಿ ತರಿಸಿಕೊಳ್ಳುವ ನಂಬರ್ ಇರುತ್ತದೆ. ರೈತ ದಡ್ಡನಲ್ಲ. ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿರುತ್ತಾರೆ, ವಿಶ್ವವಿದ್ಯಾಲಯದ ಕರಪತ್ರ ತೆರೆದರೆ ಅದರ ಕನ್ನಡಕ್ಕೆ ಇನ್ನೊಂದು ಕರಪತ್ರ ಬೇಕು. ಬಾಟಲಿ ಮಾರುವವನು ರಾತ್ರಿ ಹತ್ತಕ್ಕೂ ಫೋನ್ ಎತ್ತುತ್ತಾನೆ, "ಗೌಡರೇ, ಚಿಂತೆ ಬಿಡಿ" ಎನ್ನುತ್ತಾನೆ. ಸರ್ಕಾರದ ಯಾವ ವಿಜ್ಞಾನವೂ ಇದುವರೆಗೆ ಯಾರಿಗೂ ಚಿಂತೆ ಬಿಡಿ ಎಂದಿಲ್ಲ.

ಯಾರಿಗೇನು ನಷ್ಟ ಎಂದು ಕಾಕಾ ಕೇಳಿದ್ದರಲ್ಲ.

2018ರ ಜುಲೈ 13. ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಕೆಲವು ಗೆಳೆಯರು ಕಾರಿನಲ್ಲಿ ಬಂದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂದು ಯಾರೋ ವಾಟ್ಸ್‌ಆ್ಯಪ್‌ಗೆ ಹಾಕಿದರು. ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿ ಕಟ್ಟಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಒಬ್ಬ ಯುವಕ ಸತ್ತ. ಇಲ್ಲಿ ಚಟಾಕಿ ಹಾರಿಸುವಂಥದ್ದು ಏನೂ ಇಲ್ಲ. ಅಂದು ಆ ಸಂದೇಶ ಕಳುಹಿಸಿದವರಲ್ಲಿ ಬಹಳ ಮಂದಿ ಕೈಯಲ್ಲಿ ಕಲ್ಲು ಹಿಡಿದವರಲ್ಲ. ಮನೆಯಲ್ಲಿ ಕುಳಿತು, ಒಳ್ಳೆಯದೇ ಮಾಡುತ್ತಿದ್ದೇವೆ, ನಾಲ್ಕು ಜನರಿಗೆ ಎಚ್ಚರಿಕೆ ಹೇಳುತ್ತಿದ್ದೇವೆ ಎಂದುಕೊಂಡವರು. ಒಬ್ಬರಾದರೂ ಹತ್ತಿರದ ಠಾಣೆಗೆ ಫೋನ್ ಮಾಡಿ ಕೇಳಬಹುದಿತ್ತು. ಮೊಬೈಲ್ ಕೈಯಲ್ಲೇ ಇತ್ತು.

ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿದ ಸಂದೇಶಗಳಿಗೆ ಒಮ್ಮೆಗೆ ಒಂದೇ ಕಡೆ ಎಂದಿತು; ಅವುಗಳ ನೆತ್ತಿಗೆ 2019ರಲ್ಲೇ ಜೋಡಿ ಬಾಣದ ಗುರುತು ಅಂಟಿಸಿತ್ತು. ಹುಷಾರು ಎಂಬ ಅರ್ಥದಲ್ಲಿ ಹಾಕಿದ ಆ ಗುರುತನ್ನು ನಮ್ಮವರು ಸರಾಫ್ ಬಜಾರಿನ ಹಾಲ್‌ಮಾರ್ಕ್‌ನಂತೆ ಓದುತ್ತಾರೆ: ಇಷ್ಟು ಜನ ಕಳುಹಿಸಿದ್ದಾರೆ, ಸುಳ್ಳಾಗಿರಲು ಸಾಧ್ಯವೇ? ದೋಷವನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದೂ ಈಗ ಫ್ಯಾಷನ್. ಆ 2018ರ ಮಾರ್ಚ್‌ನಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಎಂಐಟಿ ಸಂಶೋಧಕರ ಅಧ್ಯಯನ ಪ್ರಕಟವಾಗಿತ್ತು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದ ಸುಮಾರು 1.26 ಲಕ್ಷ ಸುದ್ದಿಸರಣಿಗಳ ಜಾಡು ಹಿಡಿದಿದ್ದರು. ಸುಳ್ಳು ಸುದ್ದಿಯನ್ನು ಜನ ಮರುಹಂಚುವ ಸಾಧ್ಯತೆ ಶೇ 70ರಷ್ಟು ಹೆಚ್ಚು. ನಿಜ 1,500 ಜನರನ್ನು ತಲುಪಲು ಸುಳ್ಳಿಗಿಂತ ಆರು ಪಟ್ಟು ಸಮಯ ತೆಗೆದುಕೊಂಡಿತ್ತು. ಹರಡಿದವರು ಯಾರು ಎಂದು ನೋಡಿದರೆ, ಬಾಟ್‌ಗಳು, ಅಂದರೆ ಮನುಷ್ಯರಿಲ್ಲದೆ ತಾವಾಗಿ ನಡೆಯುವ ಖಾತೆಗಳು, ಸುಳ್ಳು ನಿಜ ಎರಡನ್ನೂ ಸಮವಾಗಿ ಹಂಚಿದ್ದವು. ಪಕ್ಷಪಾತ ಮಾಡಿದ್ದು ಮನುಷ್ಯರು.

ಹಾಗೆಂದು ಪರಿಶೀಲಿಸುವವರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಕಲಬುರಗಿಯ ಅತ್ಯುತ್ತಮ ಪರಿಶೀಲಕರು ಏಳನೆಯ ತರಗತಿಯಲ್ಲಿ ಓದುತ್ತಿದ್ದಾರೆ. ಜೋರು ಮಳೆ ಬಂದ ರಾತ್ರಿ "ನಾಳೆ ಶಾಲೆಗಳಿಗೆ ರಜೆ" ಎಂಬ ಜಿಲ್ಲಾಧಿಕಾರಿಗಳ ಆದೇಶ ಗುಂಪಿಗೆ ಬಂದು ಬಿದ್ದರೆ ಇವರ ತನಿಖೆ ನೋಡಬೇಕು. ಮೊದಲು ದಿನಾಂಕ ನೋಡುತ್ತಾರೆ, ಆಮೇಲೆ ಜಿಲ್ಲೆ, ಆಮೇಲೆ ಸಹಿ. ಈಗಿನ ಜಿಲ್ಲಾಧಿಕಾರಿಗಳ ಹೆಸರು ಅಪ್ಪನಿಗೆ ಗೊತ್ತಿರುವುದಿಲ್ಲ, ಇವರಿಗೆ ಗೊತ್ತಿರುತ್ತದೆ. ಅಕ್ಷರ ದೊಡ್ಡದು ಮಾಡಿ, ತಿದ್ದಿದ ಅಂಕಿಯ ಸುತ್ತ ಮಸುಕು ಇದೆಯೇ ಎಂದು ಹುಡುಕುತ್ತಾರೆ. ಪಕ್ಕದ ಮನೆಯ ಹುಡುಗಿ ಮೊನ್ನೆ ಹಾಗೇ ನೋಡಿ, "ಇದು ಕೊಡಗಿನದು, ಅದೂ ಹೋದ ವರ್ಷದ್ದು" ಎಂದು ಮುಖ ಸಣ್ಣಗೆ ಮಾಡಿಕೊಂಡು ಬೂಟಿಗೆ ಪಾಲಿಶ್ ಹಾಕಲು ಕುಳಿತಳು. ಅಷ್ಟರಲ್ಲಿ ಅವಳ ಅಪ್ಪ ಅದನ್ನು ಪಾಲಕರ ಗುಂಪಿಗೆ ಹಾಕಿ ಆಗಿತ್ತು. ಮರುದಿನ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಬಾರದ ಮಕ್ಕಳಿಗೂ ಅದು ಕೊಡಗಿನದೆಂದು ಗೊತ್ತಿತ್ತಂತೆ, ಮನೆಯಲ್ಲಿ ಯಾರೂ ಕೇಳಲಿಲ್ಲವಂತೆ.