ಮೊಲದ ರೈಫಲ್ಲಿಗೆ ಮೊದಲ ಗುಂಡೇ ಅಳತೆ

ಸಣ್ಣ ಪ್ರಾಣಿಗಳ ಹಾವಳಿಗೆಂದು ಪಾಯಿಂಟ್ 22 ರೈಫಲ್ ಕೊಳ್ಳಲು ಹೊರಟವರು, ಕೊಡಗಿನವರಿರಲಿ ಆಸ್ಟ್ರೇಲಿಯಾದವರಿರಲಿ, ಎಲ್ಲಕ್ಕಿಂತ ಮೊದಲು ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಬೆಳಗಿನ ಚಳಿಯಲ್ಲಿ ಪೆಟ್ಟಿಗೆಯಿಂದ ಹೊರತೆಗೆದ ರೈಫಲ್, ನಳಿಗೆ ಇನ್ನೂ ತಣ್ಣಗಿರುವಾಗ, ಮೊದಲ ಗುಂಡನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಮತ್ತು ಎಷ್ಟು ದೂರದವರೆಗೆ ಆ ಮಾತನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ಕೇಳಬೇಕು. ಹುಟ್ಟಿ ಬೆಳೆದ ಕೊಡಗಿನ ರೂಢಿಯನ್ನೂ ಈಗ ನೆಲೆಸಿರುವ ವಿಕ್ಟೋರಿಯಾ ರಾಜ್ಯದ ರೂಢಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಇದು.

ಇಲ್ಲಿ ರೈಫಲ್ಲಿಗೆ ಕೆಲಸ ಕೊಟ್ಟಿರುವುದು ಮೊಲ. ನಾನಿರುವ ಜಿಲಾಂಗ್ ಪಟ್ಟಣದ ಪಶ್ಚಿಮಕ್ಕೆ ವಿಂಚೆಲ್ಸಿ ಎಂಬ ಊರಿದೆ. ಅದರ ಬಳಿಯ ಬಾರ್ವನ್ ಪಾರ್ಕ್ ಎಸ್ಟೇಟಿಗೆ 1859ರ ಕ್ರಿಸ್ಮಸ್ ಹೊತ್ತಿಗೆ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಇಂಗ್ಲೆಂಡಿನಿಂದ 24 ಮೊಲಗಳನ್ನು ತರಿಸಿಕೊಂಡ. ಶಿಕಾರಿಯ ಸಂತೋಷಕ್ಕೆಂದು ಬಿಟ್ಟ ಆ ಮೊಲಗಳ ಸಂತಾನ ಐವತ್ತು ವರ್ಷಗಳೊಳಗೆ ಖಂಡದ ಬಹುಭಾಗವನ್ನು ಆವರಿಸಿತು. 1950ರಲ್ಲಿ ಮೊಲಗಳನ್ನು ಕೊಲ್ಲುವ ಮಿಕ್ಸೊಮಾಟೋಸಿಸ್ ರೋಗವನ್ನು ಬಿಟ್ಟರು, 1995ರಲ್ಲಿ ಅಂಥದೇ ಇನ್ನೊಂದು, ಕ್ಯಾಲಿಸಿವೈರಸ್, ಪ್ರಯೋಗದ ದ್ವೀಪದಿಂದ ತಪ್ಪಿಸಿಕೊಂಡು ತಾನಾಗಿ ಹರಡಿತು. ಎರಡರ ನಂತರವೂ ಮೊಲ ಉಳಿದಿದೆ. ಹುಲ್ಲುಗಾವಲನ್ನು ಬೇರುಮಟ್ಟಕ್ಕೆ ಮೇಯುವ, ಎಳೆಯ ಗಿಡಗಳು ಮೇಲೇಳದಂತೆ ಮಾಡುವ ಈ ಪ್ರಾಣಿಯನ್ನು ಹತೋಟಿಯಲ್ಲಿಡುವುದು 1994ರ ಜಲಾನಯನ ಮತ್ತು ಭೂರಕ್ಷಣಾ ಕಾಯ್ದೆಯಂತೆ ಇಲ್ಲಿಯ ಜಮೀನುದಾರನ ಕರ್ತವ್ಯವೇ ಆಗಿದೆ. ನಾನು ಹೋಗುವುದು ಪರಿಚಯದ ಕುರಿ ಸಾಕಣೆಗಾರರೊಬ್ಬರ ಜಮೀನಿಗೆ, ಅವರ ಒಪ್ಪಿಗೆಯ ಮೇಲೆ. ಗುಂಡಿನಿಂದಲೇ ಮೊಲ ಮುಗಿಯುತ್ತದೆ ಎಂಬ ಭ್ರಮೆ ಅವರಿಗೂ ಇಲ್ಲ, ನನಗೂ ಇಲ್ಲ. ಬಿಲಗಳನ್ನು ಟ್ರ್ಯಾಕ್ಟರಿನಿಂದ ಆಳಕ್ಕೆ ಸೀಳುವುದು ಮತ್ತು ವಿಷದ ತೀನಿ ಇಡುವುದು ಮುಖ್ಯ ಕೆಲಸ. ಅವೆರಡರ ನಂತರ ಉಳಿದ ಕೆಲವನ್ನು ತೆಗೆಯುವಲ್ಲಿ ಮಾತ್ರ ರೈಫಲ್ಲಿಗೆ ಪಾತ್ರವಿದೆ. ಹೀಗೆ ಉಳಿದವು ಎಚ್ಚರದ ಮೊಲಗಳು. ಮೊದಲ ಗುಂಡು ತಪ್ಪಿದರೆ ಎರಡನೆಯದಕ್ಕೆ ಅವಕಾಶ ಸಿಗುವುದು ಅಪರೂಪ. ಅರೆಬರೆ ತಗುಲಿದರೆ ಬಿಲದೊಳಗೆ ಹೋಗಿ ನರಳಿ ಸಾಯುತ್ತವೆ. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ನಮ್ಮ ಕೊಡಗಿನ ಊರಿನ ಸ್ಥಿತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ನಮ್ಮ ಕಾಡುಮೊಲ ರಕ್ಷಿತ ಪ್ರಾಣಿ, ಅದು ಹಾಗೆಯೇ ಇರಬೇಕು. ನಮ್ಮ ಮೊಲ ನಮ್ಮ ನೆಲದ್ದು, ಇಲ್ಲಿಯದು ಹೊರಗಿನಿಂದ ಬಂದು ನೆಲವನ್ನು ಹಾಳುಗೆಡವಿದ್ದು. 2022ರ ತಿದ್ದುಪಡಿಯಲ್ಲಿ ಉಪದ್ರವಕಾರಿ ಪ್ರಾಣಿಗಳ ಅನುಸೂಚಿಯನ್ನೇ ತೆಗೆದುಹಾಕಲಾಗಿದೆ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳು ಬಹುಮಟ್ಟಿಗೆ ಸದ್ದು ಮಾಡಿ ಮಂಗವನ್ನೋ ಹಂದಿಯನ್ನೋ ತೋಟದಾಚೆ ಅಟ್ಟುವುದಕ್ಕಷ್ಟೇ ಬಳಕೆಯಾಗುತ್ತವೆ, ಚುನಾವಣೆ ಬಂದಾಗ ಅವೂ ಪೊಲೀಸ್ ಠಾಣೆ ಸೇರುತ್ತವೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ. ಆದ್ದರಿಂದ ಊರಿನಲ್ಲಿ ಪಾಯಿಂಟ್ 22 ರೈಫಲ್ಲಿನ ನಿಖರತೆ ಎಲ್ಲರ ಕಣ್ಣೆದುರು ಪರೀಕ್ಷೆಗೆ ಒಳಗಾಗುವುದು ಹಬ್ಬದ ದಿನಗಳ ತೆಂಗಿನಕಾಯಿಯ ಮೇಲೆ.

ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು, ಬಾಯಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ, ಪೂಜೆ ಮಾಡಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದನ್ನು ಕನ್ನಡ ನಾಡಿನ ಬಹುಪಾಲು ಜನ ಪತ್ರಿಕೆಗಳಲ್ಲಾದರೂ ನೋಡಿದ್ದಾರೆ. ಆ ಸ್ಪರ್ಧೆಯ ಗುಣ ನನಗೆ ಅರ್ಥವಾದದ್ದು ಇಲ್ಲಿಯ ಶೂಟಿಂಗ್ ಕ್ಲಬ್ ಸೇರಿದ ಮೇಲೆ. ಊರಿನಲ್ಲಿ ಹೆಸರು ಕರೆಯುತ್ತಾರೆ, ಹಿರಿಯರು ನೋಡುತ್ತಿರುತ್ತಾರೆ, ರೈಫಲ್ ತಣ್ಣಗಿರುತ್ತದೆ, ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ. ಸರಾಸರಿಗೆ ಅಲ್ಲಿ ಜಾಗವಿಲ್ಲ. ಇಲ್ಲಿ ಹಾಗಲ್ಲ. ಬೆಂಚಿನ ಮೇಲೆ ಮರಳಿನ ಚೀಲವಿಟ್ಟು, ಒಂದಷ್ಟು ಗುಂಡು ಹಾರಿಸಿ ನಳಿಗೆಯನ್ನು ಹದಕ್ಕೆ ತಂದು, ಆಮೇಲೆ ಐದು ಗುಂಡುಗಳ ಗುಚ್ಛ ಹೊಡೆದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರವನ್ನು ಕ್ಯಾಲಿಪರ್ ಹಿಡಿದು ಅಳೆಯುತ್ತಾರೆ. 50 ಮೀಟರಿನಲ್ಲಿ 15 ಮಿಲಿಮೀಟರ್ ಬಂದರೆ ಬೇಟೆಯ ರೈಫಲ್ಲಿಗೆ ತೃಪ್ತಿಕರ, 10ಕ್ಕಿಂತ ಕಡಿಮೆ ಬಂದರೆ ಆ ಕಾಗದ ಮನೆಯ ಗೋಡೆ ಸೇರುತ್ತದೆ.

ಎರಡೂ ಪರೀಕ್ಷೆಗಳಲ್ಲಿ ಒಂದೊಂದು ಕೊರತೆಯಿದೆ. ತೆಂಗಿನಕಾಯಿ ದೊಡ್ಡದು, ಮೂರು ಅಂಗುಲ ಎಡಕ್ಕೆ ಹೊಡೆಯುವ ರೈಫಲ್ಲಿಗೂ ಅದು ಒಮ್ಮೊಮ್ಮೆ ಒಡೆಯುತ್ತದೆ, ಒಡೆದ ಮೇಲೆ ಗುಂಡು ಎಲ್ಲಿ ಬಿತ್ತು ಎಂಬ ಸಾಕ್ಷಿಯೂ ಉಳಿಯುವುದಿಲ್ಲ. ಮೊಲದ ತಲೆಯಲ್ಲಿ ತಕ್ಷಣ ಸಾವು ತರುವ ಜಾಗ ಮೂರು ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಗುಚ್ಛವೋ ಗುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಬೀಳುತ್ತವೆ ಎಂಬುದನ್ನು ಚೆನ್ನಾಗಿ ಹೇಳುತ್ತದೆ, ಆದರೆ ಬಿಸಿಯಾದ, ಹದಗೊಂಡ ನಳಿಗೆಯ ಮಾತನ್ನಷ್ಟೇ ಹೇಳುತ್ತದೆ. ನನಗೆ ಸರಿ ಕಾಣುವ ದಾರಿ ಎರಡನ್ನೂ ಕೂಡಿಸಿದ್ದು: ಕ್ಲಬ್ಬಿಗೆ ಹೋದಾಗಲೆಲ್ಲ ಬೇರೆ ಯಾವ ಕೆಲಸಕ್ಕೂ ಮುಂಚೆ ಒಂದೇ ಕಾಗದದ ಮೇಲೆ ಒಂದೇ ಗುಂಡು ಹೊಡೆಯುವುದು, ತೂತಿನ ಪಕ್ಕ ದಿನಾಂಕ ಬರೆಯುವುದು, ಆ ಕಾಗದವನ್ನು ಮಡಚಿಟ್ಟುಕೊಂಡು ಮುಂದಿನ ಸಲ ಮತ್ತೆ ಅದನ್ನೇ ಹಚ್ಚುವುದು. ತಿಂಗಳುಗಳು ಕಳೆದಂತೆ ಚಳಿಯ, ಬಿಸಿಲಿನ, ಗಾಳಿಯ ದಿನಗಳ ಮೊದಲ ಗುಂಡುಗಳೆಲ್ಲ ಸೇರಿ ಅಲ್ಲಿ ಒಂದು ವೃತ್ತ ಮೂಡುತ್ತದೆ. ಬೆಂಚಿನ ಗುಚ್ಛಕ್ಕಿಂತ ಅದು ಯಾವಾಗಲೂ ದೊಡ್ಡದಾಗಿರುತ್ತದೆ, ಮತ್ತು ರೈಫಲ್ಲಿನ ನಿಜವಾದ ನಿಖರತೆ ಅದೇ.

ಈ ಅಳತೆಯನ್ನು ಕೈಯಲ್ಲಿ ಹಿಡಿದರೆ ಆಯ್ಕೆಯ ಉಳಿದ ಪ್ರಶ್ನೆಗಳು ಸುಲಭವಾಗುತ್ತವೆ. ಮೊದಲನೆಯದು ತೋಟಾದ್ದು. ಪಾಯಿಂಟ್ 22 ರೈಫಲ್ ಬಳಸುವ ರಿಮ್‌ಫೈರ್ ತೋಟಾದಲ್ಲಿ ಸಿಡಿಮದ್ದು ಬುಡದ ಅಂಚಿನೊಳಗೇ ಇರುವುದರಿಂದ ಅದನ್ನು ಮತ್ತೆ ತುಂಬಲು ಬರುವುದಿಲ್ಲ. ಕಾರ್ಖಾನೆ ಕೊಟ್ಟದ್ದೇ ಗತಿ. 1887ರಲ್ಲಿ ಬಂದ .22 ಲಾಂಗ್ ರೈಫಲ್ ಇಂದಿಗೂ ಎಲ್ಲಕ್ಕಿಂತ ಅಗ್ಗ ಮತ್ತು ಶಾಂತ. ಅದರ 40 ಗ್ರೇನಿನ, ಎಂದರೆ ಸುಮಾರು ಎರಡೂವರೆ ಗ್ರಾಮಿನ, ಸೀಸದ ಗುಂಡು ಶಬ್ದದ ವೇಗಕ್ಕಿಂತ ತುಸು ಕೆಳಗೆ, ಸೆಕೆಂಡಿಗೆ 325 ಮೀಟರಿನ ಆಸುಪಾಸಿನಲ್ಲಿ ಹೊರಟರೆ ಅತ್ಯಂತ ಸ್ಥಿರ. ಹೈವೆಲಾಸಿಟಿ ಎಂದು ಮಾರುವ ತೋಟಾ ಹೆಚ್ಚು ವೇಗದ್ದಾದ್ದರಿಂದ ಗಾಳಿಗೆ ಕಡಿಮೆ ಸರಿಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವ ಅದಕ್ಕೆ ವಿರುದ್ಧ: ಶಬ್ದದ ವೇಗದ ಎಲ್ಲೆಯಲ್ಲಿ ಗಾಳಿಯ ತಡೆ ಏಕಾಏಕಿ ಏರುವುದರಿಂದ ಆ ಗುಂಡು ಬೇಗನೆ ವೇಗ ಕಳೆದುಕೊಂಡು ಅಡ್ಡಗಾಳಿಗೆ ತುಸು ಹೆಚ್ಚೇ ಸರಿಯುತ್ತದೆ. ವಿಕ್ಟೋರಿಯಾದಲ್ಲಿ ಸಾಮಾನ್ಯ ಪರವಾನಗಿದಾರನಿಗೆ ಸೈಲೆನ್ಸರ್ ಇಲ್ಲದ ಕಾರಣ, ಒಂದು ಮೊಲ ಬಿದ್ದಾಗ ಉಳಿದವು ಬೆದರದಂತೆ ಕೆಲಸ ಮಾಡಬೇಕಾದರೆ ಈ ನಿಧಾನದ ತೋಟಾವೇ ಆಸರೆ.

ಅದರ ಮಿತಿಯೂ ಸ್ಪಷ್ಟ. 50 ಮೀಟರಿಗೆ ಗುರಿ ಕೂರಿಸಿದ ಇಂಥ ಗುಂಡು 100 ಮೀಟರಿನಲ್ಲಿ 20 ಸೆಂಟಿಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದನ್ನು 10 ಸೆಂಟಿಮೀಟರಿಗೂ ಹೆಚ್ಚು ತಳ್ಳುತ್ತದೆ. ಅಷ್ಟು ದೂರದಲ್ಲಿ ತೋಟಾದಿಂದ ತೋಟಾಕ್ಕೆ ಸೆಕೆಂಡಿಗೆ 10 ಮೀಟರಿನ ವ್ಯತ್ಯಾಸವಾದರೂ ಎತ್ತರದಲ್ಲಿ ಸುಮಾರು 3 ಸೆಂಟಿಮೀಟರ್ ಹೋಯಿತು, ಎಂದರೆ ಮೊಲದ ತಲೆಯೇ ಹೋಯಿತು. ದೂರ ಬೇಕೆನ್ನುವವರಿಗೆ 2002ರಲ್ಲಿ ಹಾರ್ನಡಿ ಕಂಪನಿ ತಂದ .17 ಎಚ್‌ಎಂಆರ್ ಎಂಬ ಕಿರಿದಾದ ಗುಂಡಿನ ತೋಟಾ ಇದೆ. .22 ಮ್ಯಾಗ್ನಂ ತೋಟಾದ ಕತ್ತನ್ನು ಕಿರಿದು ಮಾಡಿ ಹುಟ್ಟಿಸಿದ ಇದರ 17 ಗ್ರೇನಿನ ಗುಂಡು ಸೆಕೆಂಡಿಗೆ 775 ಮೀಟರಿನಷ್ಟು ವೇಗದಲ್ಲಿ ಹೊರಡುತ್ತದೆ, 120 ಮೀಟರಿನವರೆಗೆ ಹೆಚ್ಚೂಕಡಿಮೆ ನೇರವಾಗಿ ಸಾಗುತ್ತದೆ, ತಾಗಿದ ಕೂಡಲೇ ಚೂರಾಗುವುದರಿಂದ ಪುಟಿದು ಹಾರುವ ಭಯವೂ ಕಡಿಮೆ. ಸದ್ದು ಮಾತ್ರ ಚುರುಕು, ಮಾಂಸ ತಿನ್ನುವವರಿಗೆ ನಷ್ಟ, ಬೆಲೆಯೂ ಹೆಚ್ಚು. ಬಯಲು ಜಮೀನಿನವರು ಅದನ್ನು ಕೊಳ್ಳಲಿ. ಪೊದೆ, ಬೇಲಿ, ಕೆರೆದಂಡೆಗಳಿರುವ ಕಡೆ, ಮನೆಗಳು ಹತ್ತಿರವಿರುವ ಕಡೆ, ನಾನು ಹಳೆಯ .22 ಅನ್ನೇ ಆರಿಸುತ್ತೇನೆ.

ಒಂದು ರೈಫಲ್ ಒಂದು ಬಗೆಯ ತೋಟಾವನ್ನು ಒಪ್ಪಿ ಇನ್ನೊಂದನ್ನು ಒಪ್ಪದಿರುವುದು .22ರ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ. ಒಂದೇ ಹೆಸರಿನ ತೋಟಾವೂ ತಯಾರಿಕೆಯ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಇಂಗ್ಲೆಂಡಿನ ಈಲಿ, ಜರ್ಮನಿಯ ಎಸ್‌ಕೆ, ಅಮೆರಿಕದ ಸಿಸಿಐ, ಹೀಗೆ ನಾಲ್ಕಾರು ಬಗೆಯನ್ನು ಒಂದೊಂದು ಪೆಟ್ಟಿಗೆ ತಂದು, ಒಪ್ಪಿದ್ದು ಸಿಕ್ಕಿದ ಮೇಲೆ ಅದೇ ಬ್ಯಾಚ್ ಸಂಖ್ಯೆಯದನ್ನು ವರ್ಷಕ್ಕಾಗುವಷ್ಟು ಕೊಂಡಿಡುವುದು ಇಲ್ಲಿಯ ರೂಢಿ. ಗುಂಡಿನ ಮೇಲೆ ಸವರಿದ ಮೇಣ ನಳಿಗೆಯೊಳಗೆ ತೆಳುವಾಗಿ ಕೂರುವುದರಿಂದ, ಬಗೆ ಬದಲಿಸಿದಾಗ ಅಥವಾ ನಳಿಗೆಯನ್ನು ಪೂರ್ತಿ ತೊಳೆದಾಗ ಮೊದಲ ಕೆಲವು ಗುಂಡುಗಳು ಅಲೆಯುತ್ತವೆ. ಹೀಗಾಗಿ ತೊಳೆದ ರೈಫಲ್ಲನ್ನು ಕ್ಲಬ್ಬಿನಲ್ಲಿ ಒಂದಷ್ಟು ಹಾರಿಸದೆ ನೇರವಾಗಿ ಜಮೀನಿಗೆ ಒಯ್ಯಬಾರದು. ಹಬ್ಬಕ್ಕೆಂದು ಫಳಫಳ ತೊಳೆದ ಕೋವಿಯಲ್ಲೇ ಸ್ಪರ್ಧೆಗೆ ನಿಲ್ಲುವ ನಮ್ಮ ಊರಿನ ತರುಣರಿಗೆ ಈ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಅವರಿಗೆ ನಾಲ್ಕಾರು ಬಗೆಯ ತೋಟಾ ಪರೀಕ್ಷಿಸುವ ಸೌಕರ್ಯವಿಲ್ಲ ಎಂಬುದನ್ನೂ ಮರೆಯಬಾರದು. ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯದೋ, ಅಪರೂಪಕ್ಕೆ ದೊರೆಯುವ ದುಬಾರಿ ಆಮದಿನದೋ, ಸಿಕ್ಕಿದ್ದರಲ್ಲೇ ತೃಪ್ತರಾಗಬೇಕು. ಆ ಕಷ್ಟದ ನಡುವೆಯೂ ಅವರು ಹೊಡೆಯುವ ಗುರಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇನ್ನು ರೈಫಲ್. ನಮ್ಮ ಸೋದರಮಾವನವರಿಗೆ ಬ್ರುನೋ ಬಿಟ್ಟರೆ ಬೇರೆ ಪಾಯಿಂಟ್ 22 ಇಲ್ಲ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಆಸ್ಟ್ರೇಲಿಯಾದ ಹಳೆಯ ರೈತರಿಗೂ ಅದೇ ಅಭಿಮಾನ. ಎರಡನೆಯ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾದಿಂದ ಬಂದ ಆ ರೈಫಲ್ಲುಗಳು ಎರಡೂ ದೇಶಗಳಲ್ಲಿ ಇಂದಿಗೂ ಗುರಿ ತಪ್ಪದೆ ದುಡಿಯುತ್ತಿವೆ, ಒಳ್ಳೆಯ ಸ್ಥಿತಿಯದು ಸಿಕ್ಕಿದರೆ ಹಿಂದೆಮುಂದೆ ನೋಡಬೇಕಿಲ್ಲ. ಹೊಸದು ಬೇಕಾದರೆ ಅದೇ ಚೆಕ್ ಪರಂಪರೆಯ ಸಿಝಡ್ 457, ಫಿನ್ಲೆಂಡಿನ ಟಿಕ್ಕಾ ಟಿ1ಎಕ್ಸ್, ನ್ಯೂ ಸೌತ್ ವೇಲ್ಸಿನ ಲಿತ್ಗೋ ಕಾರ್ಖಾನೆಯ ಎಲ್‌ಎ101, ಈ ಮೂರರಲ್ಲಿ ಯಾವುದನ್ನು ಕೊಂಡರೂ ಮೋಸವಿಲ್ಲ. ಜರ್ಮನಿಯ ಆನ್‌ಶುಟ್ಜ್ ಇವಕ್ಕಿಂತ ಒಂದು ಕೈ ಮೇಲು ನಿಜ, ಆದರೆ 60 ಮೀಟರಿನ ಮೊಲದ ಕೆಲಸದಲ್ಲಿ ಆ ಹೆಚ್ಚಳವನ್ನು ಬಳಸಿಕೊಳ್ಳುವ ಕೈಗಳು ಕಡಿಮೆ. ಉಳಿದ ಹಣವನ್ನು ತೋಟಾಕ್ಕೆ ಹಾಕುವುದು ಲೇಸು. ಇಲ್ಲಿ 1996ರ ನಂತರ ಸೆಮಿ ಆಟೊಮ್ಯಾಟಿಕ್ ರೈಫಲ್ ಸಾಮಾನ್ಯರಿಗೆ ಸಿಗುವುದಿಲ್ಲ, ಪ್ರತಿಯೊಂದು ರೈಫಲ್ಲಿಗೂ ಬೇರೆ ಅನುಮತಿ ಪಡೆಯಬೇಕು. ಮೊದಲ ಗುಂಡಿನ ಮೇಲೆ ಬದುಕುವ, ಪ್ರತಿ ಗುಂಡಿಗೂ ಕೈಯಿಂದ ತೋಟಾ ಏರಿಸುವ ಬೋಲ್ಟ್ ರೈಫಲ್ಲಿನವನಿಗೆ ಇದರಿಂದ ಏನೂ ನಷ್ಟವಿಲ್ಲ.

ವಾರ್ಮಿಂಟ್, ಎಂದರೆ ಹಾವಳಿಯ ಪ್ರಾಣಿ, ಎಂದು ಹೆಸರಿಟ್ಟ ದಪ್ಪ ನಳಿಗೆಯ ಮಾದರಿಗಳನ್ನು ಅಂಗಡಿಯವರು ಮುಂದಿಡುತ್ತಾರೆ. ದಪ್ಪ ನಳಿಗೆ ಬೇಗ ಬಿಸಿಯಾಗುವುದಿಲ್ಲ ಎಂಬ ವಾದ ಸಾಲುಸಾಲಾಗಿ ಹಾರಿಸುವ ದೊಡ್ಡ ತೋಟಾಗಳಿಗೆ ಒಪ್ಪುತ್ತದೆ; .22ಕ್ಕೆ ಅದರಿಂದ ದೊರೆಯುವುದು ಕೈಯಲ್ಲಿ ನಡುಗದೆ ನಿಲ್ಲುವ ತೂಕ. ವಾಹನದ ಬಾನೆಟ್ಟಿಗೆ ಒರಗಿ ಹೊಡೆಯುವವರಿಗೆ ಅದು ಒಳ್ಳೆಯದು, ಬೆಟ್ಟ ಹತ್ತಿ ನಡೆಯುವವರಿಗೆ ಹೊರೆ. ನಳಿಗೆಯ ದಪ್ಪಕ್ಕಿಂತ ಟ್ರಿಗರ್ ಮುಖ್ಯ. ಎಳೆಯುವಾಗ ಸವೆದಂತೆ ಜಾರದೆ, ಒಂದೇ ಹದದಲ್ಲಿ, ಗಾಜು ಮುರಿದ ಹಾಗೆ ಬಿಡುವ ಟ್ರಿಗರ್ ಇಲ್ಲದಿದ್ದರೆ ಉಳಿದ ಗುಣಗಳೆಲ್ಲ ಬೆರಳಿನಲ್ಲೇ ಕಳೆದುಹೋಗುತ್ತವೆ. ದುರ್ಬೀನಿನ ವಿಷಯದಲ್ಲಿ ಒಂದೇ ಎಚ್ಚರ: ದೊಡ್ಡ ರೈಫಲ್ಲಿನದು 100 ಮೀಟರಿನ ಆಚೀಚೆಗೆ ಹೊಂದಿಸಿದ್ದಾಗಿರುತ್ತದೆ, 40 ಮೀಟರಿನಲ್ಲಿ ಕಣ್ಣು ತುಸು ಸರಿದರೂ ಗುರಿ ಸರಿಯುತ್ತದೆ. ದೂರವನ್ನು ಹೊಂದಿಸಿಕೊಳ್ಳಬಹುದಾದದ್ದನ್ನೇ ಕೊಳ್ಳಬೇಕು.

ದಿನಾಂಕ ಬರೆದ ಆ ಕಾಗದದ ವೃತ್ತ 50 ಮೀಟರಿನಲ್ಲಿ ಎರಡೂವರೆ ಸೆಂಟಿಮೀಟರ್ ಇದ್ದರೆ, ಅದು ಮೊಲದ ತಲೆಯ ಅಳತೆಯನ್ನು ಮೀರುವ ದೂರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನನ್ನ ರೈಫಲ್ಲಿಗೆ ಗಾಳಿಯಿಲ್ಲದ ಹೊತ್ತಿನಲ್ಲಿ 65 ಮೀಟರ್, ಮರದ ಎಲೆ ಅಲುಗುವ ಹೊತ್ತಿನಲ್ಲಿ 45. ಅದರಾಚೆಯ ಮೊಲವನ್ನು ಟ್ರ್ಯಾಕ್ಟರಿಗೂ ತೀನಿಗೂ ಬಿಡುತ್ತೇನೆ. ಮೊಲದ ಹಿಂದೆ ಮಣ್ಣಿನ ಏರಿ ಕಾಣದಿದ್ದರೆ ಆ 45 ಮೀಟರಿನಲ್ಲೂ ಟ್ರಿಗರ್ ಮುಟ್ಟುವುದಿಲ್ಲ, ಏಕೆಂದರೆ ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಬಿದ್ದ ಮೊಲಗಳನ್ನು ಅಲ್ಲೇ ಬಿಟ್ಟುಬರುವುದೂ ಇಲ್ಲ. ಇಲ್ಲಿಯ ಬೆಣೆಬಾಲದ ಹದ್ದು ಅವನ್ನು ತಿನ್ನುತ್ತದೆ, ಮಾಂಸದಲ್ಲಿ ಉಳಿದ ಸೀಸದ ಚೂರುಗಳು ಅದರ ರಕ್ತ ಸೇರುತ್ತವೆ. ಸೀಸವಿಲ್ಲದ ತಾಮ್ರದ .22 ಗುಂಡುಗಳು ಬಂದಿವೆ, ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸವನ್ನೇ ನಿಷೇಧಿಸಿದ್ದಾರೆ. ನನ್ನ ರೈಫಲ್ಲಿನಲ್ಲಿ ಅವು ಸೀಸದಷ್ಟು ಹತ್ತಿರ ಬೀಳುವುದಿಲ್ಲ. ಹತ್ತಿರ ಬೀಳುವಂಥದ್ದು ಬರುವವರೆಗೆ ಸತ್ತ ಮೊಲವನ್ನು ಎತ್ತಿ ತಂದು, ತಿನ್ನಲಾಗದ್ದನ್ನು ಆಳಕ್ಕೆ ಹೂಳುವ ಕೆಲಸವೂ ನಮ್ಮ ಪಾಲಿನದು.