ಮೊದಲು ಬ್ರೇಕು, ಆಮೇಲೆ ಬಣ್ಣ

ನಮ್ಮ ಸೋದರಮಾವನ ಟಾಟಾ ಮೊಬೈಲ್ ಪಿಕಪ್ 11 ವರ್ಷ ತೋಟದ ಶೆಡ್ಡಿನಲ್ಲಿ ನಿಂತಿತ್ತು. ನೋಡೋಕೆ ಚೆನ್ನಾಗೇ ಇತ್ತು. ಬಾನೆಟ್ಟಿನಿಂದ ಹಿಂದಿನ ಡೋರಿನವರೆಗೆ ನೀಲಿ ಬಣ್ಣ ಮಿರಿಮಿರಿ ಅನ್ನುತ್ತಿತ್ತು. ಆದರೆ ಎಂಜಿನ್ ತಿರುಗುತ್ತಿರಲಿಲ್ಲ, ಬ್ರೇಕ್ ಇರಲಿಲ್ಲ. ಬಿಚ್ಚಿದ ಸಾಮಾನೆಲ್ಲ ಮೂರು ಗೋಣಿಚೀಲದಲ್ಲಿ ರೇಷ್ಮೆ ಹುಳ ಸಾಕುವ ಮನೆಯ ಮೂಲೆ ಸೇರಿತ್ತು. ಮಾವ 2013ರಲ್ಲಿ ಅದನ್ನು ರೆಡಿ ಮಾಡಿಸಲು ಹೊರಟಿದ್ದರು. ತಗಡಿನ ನಗ್ಗು ತೆಗೆಯೋ ಟಿಂಕರಿಂಗ್, ಪುಟ್ಟಿ, ಪೇಂಟು ಅಂತ ಶುರು ಮಾಡಿದರು. ಇದ್ದ ದುಡ್ಡೆಲ್ಲ ಅಲ್ಲೇ ಮುಗಿಯಿತು. ಅದೇ ವರ್ಷ ಬೋರ್‌ವೆಲ್ ಬತ್ತಿತು, ಹಿಪ್ಪುನೇರಳೆ ಸೊಪ್ಪಿನ ತೋಟ ಒಣಗಿತು. ಗಾಡಿಯ ಕೆಲಸ ಅರ್ಧಕ್ಕೆ ನಿಂತಿತು.

ಹೋದ ತಿಂಗಳು ಅದೇ ಗಾಡಿಯಲ್ಲಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿಕೊಂಡು ಹೋಗಿ ಬಂದೆವು. ಅದಕ್ಕೇ ಇದನ್ನು ಬರೀತಿದ್ದೇನೆ.

ಚಿಂತಾಮಣಿ, ಕೈವಾರದ ಕಡೆ ಹೀಗೆ ಅರ್ಧಕ್ಕೆ ನಿಂತ ಗಾಡಿ ಎಷ್ಟೋ ನೋಡಿದ್ದೇನೆ. ಬಹಳಷ್ಟು ಗಾಡಿಗಳ ಕಥೆ ಒಂದೇ. ಬಣ್ಣ ಮೊದಲು ಬೀಳುತ್ತದೆ. ಬಣ್ಣ ಬಿದ್ದ ದಿನ ಎಲ್ಲರೂ ಬಂದು ನೋಡಿ ಹೊಗಳುತ್ತಾರೆ. ಆಮೇಲೆ ಯಾರಿಗೂ ಕಾಣದ ಕೆಲಸ ಬರುತ್ತದೆ. ಅಷ್ಟರಲ್ಲಿ ಜೇಬು ಖಾಲಿ, ಹುರುಪೂ ಖಾಲಿ. ನನ್ನ ಮಾತು ಇಷ್ಟೇ: ಗಾಡಿ ಮೊದಲು ತನ್ನ ಕಾಲ ಮೇಲೆ ಓಡಬೇಕು, ನಿಲ್ಲು ಅಂದರೆ ನಿಲ್ಲಬೇಕು. ತುಕ್ಕು ತಿಂದು ತೂತಾದ ಜಾಗಕ್ಕೆ ವೆಲ್ಡಿಂಗ್ ಮಾಡಿಸಿ, ಬರೀ ಪ್ರೈಮರ್ ಹೊಡೆದು ಬಿಡಿ. ಪ್ರೈಮರ್‌ನಲ್ಲೇ ಸ್ವಲ್ಪ ದಿನ ಓಡಿಸಿದರೂ ತಪ್ಪೇನಿಲ್ಲ.

ಈ ಗಾಡಿ ಬಗ್ಗೆ ಸ್ವಲ್ಪ ಹೇಳಬೇಕು. ಟಾಟಾದವರು ಈ ಪಿಕಪ್ ತಂದಿದ್ದು 1988ರಲ್ಲಿ. ಮೂರು ವರ್ಷ ಆದ ಮೇಲೆ ಬಂದ ಸಿಯೆರಾ ಇದರ ಅಡಿಪಾಯದ ಮೇಲೇ ನಿಂತದ್ದು. 1992ರ ಎಸ್ಟೇಟ್ ಕೂಡ ಹಾಗೇ. ಎಂಜಿನ್ 1948 ಸಿಸಿ ಡೀಸೆಲ್. 1994ರಲ್ಲಿ ಬಂದ ಸುಮೋಗೂ ಇದೇ ಎಂಜಿನ್ ಹಾಕಿದರು. ಇದು ನಮಗೆ ದೊಡ್ಡ ವರವಾಯಿತು. ಟಾಟಾ ಮೊಬೈಲ್ ಅಂತ ಕೇಳಿದರೆ ಅಂಗಡಿಯವರು ತಲೆ ಆಡಿಸುತ್ತಿದ್ದರು. ಹಳೇ ಸುಮೋ ಅಂತ ಕೇಳಿದರೆ ಎಂಜಿನ್ ಸಾಮಾನು ಸಿಗುತ್ತಿತ್ತು. ಬೆಂಗಳೂರಿನ ಜೆಸಿ ರೋಡಿಗೆ ನಾಲ್ಕು ಸಲ, ಶಿವಾಜಿನಗರದ ಗುಜರಿಗೆ ಎರಡು ಸಲ ಹೋದೆ.

ಮಾವನ ಗಾಡಿ 1992ರದ್ದು, ನಂಬರು ಕೆಎ 07. ಈಗ ನಮ್ಮೂರು ಚಿಕ್ಕಬಳ್ಳಾಪುರ ಜಿಲ್ಲೆ, ಇಲ್ಲಿನ ಗಾಡಿಗೆ ಕೆಎ 40. 2007ರಲ್ಲಿ ಜಿಲ್ಲೆ ಬೇರೆ ಆಗುವ ತನಕ ನಾವೂ ಕೋಲಾರದವರೇ ಅಲ್ವಾ? ಆ ಪ್ಲೇಟು ಮಾತ್ರ ನಾನು ಬದಲಾಯಿಸಲಿಲ್ಲ. ಅಕ್ಷರ ಮಾಸಿದ್ದಕ್ಕೆ ಮತ್ತೆ ಬಣ್ಣ ತುಂಬಿಸಿದೆ.

ಎಂಜಿನ್ ಜಾಮ್ ಆಗಿತ್ತು. ಬಿಚ್ಚಿಬಿಡೋಣ ಅಂದೆ. ನಮ್ಮ ಮೆಕ್ಯಾನಿಕ್ ಮೇಸ್ತ್ರಿ ಬೇಡ ಅಂದರು. "ಸ್ವಲ್ಪ ತಾಳಪ್ಪ, ಅದಕ್ಕೆ ಮೊದಲು ಕುಡಿಯೋಕೆ ಕೊಡೋಣ" ಅಂದರು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ತೆಗೆದು, ಆ ತೂತುಗಳಲ್ಲಿ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಬಿಟ್ಟರು. ನಾಲ್ಕು ದಿನ ಯಾರೂ ಮುಟ್ಟಲಿಲ್ಲ. ಐದನೇ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೊಂದು ಪೈಪು ಸಿಕ್ಕಿಸಿ, ಮೆಲ್ಲಗೆ ಒತ್ತಿದೆವು. ಒತ್ತುವುದು, ಬಿಡುವುದು. ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಒಂದು ಬೆರಳಷ್ಟು ಅಲ್ಲಾಡಿತು. ಮಾವ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಎದ್ದು ಒಳಗೆ ಹೋಗಿ ಎಲ್ಲರಿಗೂ ಟೀ ಮಾಡಿಸಿಕೊಂಡು ಬಂದರು. ಒಂದು ಮಾತೂ ಆಡಲಿಲ್ಲ. ಅವರ ಕಣ್ಣು ನೋಡಿದರೆ ಸಾಕಿತ್ತು.

ಅಷ್ಟಕ್ಕೇ ಸೆಲ್ಫ್ ಹೊಡೆಯಲಿಲ್ಲ. ಹಳೇ ಡೀಸೆಲ್ ಟ್ಯಾಂಕಿನ ತಳದಲ್ಲಿ ಅಂಟಿನ ಹಾಗೆ ಕೂತಿತ್ತು. ಟ್ಯಾಂಕ್ ಇಳಿಸಿ ತೊಳೆದೆವು, ಫಿಲ್ಟರ್ ಹೊಸದು ಹಾಕಿದೆವು, ಪಂಪನ್ನು ಕ್ಯಾಲಿಬ್ರೇಷನ್‌ಗೆ ಕೊಟ್ಟೆವು. ಹೀಟರ್ ಪ್ಲಗ್ ನಾಲ್ಕರಲ್ಲಿ ಮೂರು ಸತ್ತಿದ್ದವು. ಈ ಎಂಜಿನ್‌ನಲ್ಲಿ ಅವು ಬಿಸಿಯಾಗದಿದ್ದರೆ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗೋದು ಬಹಳ ಕಷ್ಟ. ಆಮೇಲೆ ಲೈನಿನ ಏರ್ ತೆಗೆದು ಸೆಲ್ಫ್ ಹೊಡೆದಾಗ ಮೊದಲು ಬಿಳಿ ಹೊಗೆ ಬಂತು, ಆಮೇಲೆ ಸದ್ದು ಬಂತು.

ಎಂಜಿನ್ ಬಂತು ಅಂದ ಕೂಡಲೇ ಊರಿಗೊಂದು ಸುತ್ತು ಹೊಡೆಯೋಣ ಅಂತ ಆಸೆ ಆಗುತ್ತದೆ. ದಯವಿಟ್ಟು ಬೇಡ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವ ಒಳಗಿಂದಲೇ ತುಕ್ಕು ಹಿಡಿಸಿರುತ್ತದೆ. ನಮ್ಮ ಗಾಡಿಯ ಹಿಂದಿನ ಎರಡೂ ವೀಲ್ ಸಿಲಿಂಡರ್ ಕಚ್ಚಿಕೊಂಡಿದ್ದವು, ರಬ್ಬರ್ ಪೈಪು ಬೆರಳಲ್ಲಿ ಒತ್ತಿದರೆ ಬಿರುಕು ಬಿಡುತ್ತಿತ್ತು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಲೈನಿಂಗ್, ಎಲ್ಲ ಹೊಸದು ಹಾಕಿಸಿದೆ. ಇಡೀ ಕೆಲಸದಲ್ಲಿ ನಾನು ಚೌಕಾಸಿ ಮಾಡದ ಜಾಗ ಅದೊಂದೇ. ಐದು ಟೈರೂ ಹೊಸದು. ಹಳೆಯವಕ್ಕೆ ನೆಲಕ್ಕೆ ತಾಗುವ ಗುಂಡಿ (ಟ್ರೆಡ್) ಚೆನ್ನಾಗೇ ಇತ್ತು, ಆದರೆ ಪಕ್ಕದ ರಬ್ಬರ್ ಸೀಳಿತ್ತು.

ಇನ್ನು ಕಾಗದದ ಮಾತು. "15 ವರ್ಷ ಆದ ಗಾಡಿ ಓಡಿಸೋ ಹಾಗಿಲ್ಲ, ಗುಜರಿಗೆ ಹಾಕು" ಅಂತ ಹೇಳಿದವರು ಒಬ್ಬಿಬ್ಬರಲ್ಲ. 2023ರ ಏಪ್ರಿಲ್‌ನಿಂದ 15 ವರ್ಷಕ್ಕೆ ನೋಂದಣಿ ರದ್ದಾಗುವುದು ಸರ್ಕಾರಿ ಗಾಡಿಗಳಿಗೆ. ದೆಹಲಿಯ ನಿಯಮವೇ ಬೇರೆ. ನಮ್ಮ ಕಡೆ ಸ್ವಂತ ಗಾಡಿ ಫಿಟ್‌ನೆಸ್ ಪಾಸಾದರೆ ಓಡಿಸಬಹುದು. ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಪ್ರತಿ ವರ್ಷ ಮಾಡಿಸಬೇಕು. ಶುಲ್ಕ ಜಾಸ್ತಿ, ಓಡಾಟವೂ ಜಾಸ್ತಿ. ಆದರೆ ಬ್ರೇಕು, ಲೈಟು, ಹೊಗೆ ನೋಡದೆ ಬಿಡಬಾರದು ಅನ್ನೋದು ನ್ಯಾಯವೇ.

ವಿಂಟೇಜ್ ಅಂತ ಮಾಡಿಸು ಅಂದವರೂ ಇದ್ದಾರೆ. 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. ನಮ್ಮದಕ್ಕೆ 2042 ಬರಬೇಕು. ಬಂದರೂ ನನಗೆ ಬೇಡ. ವಿಂಟೇಜ್ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು, ಬಾಡಿಗೆಗೆ ದುಡಿಸೋ ಹಾಗಿಲ್ಲ. ಪಿಕಪ್ ಅಂದರೆ ಹೊರೆ ಹೊರೋ ಗಾಡಿ. ಅದರ ಹಿಂದಿನ ಬಾಡಿಯಲ್ಲಿ ಒಂದು ಗೀರೂ ಇಲ್ಲದಿದ್ದರೆ ನನಗೆ ಸಮಾಧಾನ ಆಗಲ್ಲ.

ದಿನಾ ಬೆಂಗಳೂರಿಗೆ ಓಡಿಸಿ ಅಂತ ಖಂಡಿತ ಹೇಳಲ್ಲ. ಹಳೇ ಡೀಸೆಲ್‌ನ ಹೊಗೆ ಹೊಗೆಯೇ. ಆದರೆ ಒಂದು ಬೆಳೆ ಹುಳಕ್ಕೆ ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ತಿಂಗಳಿಗೊಂದು ಸಲ ಗೂಡು, ನಡುವೆ ಒಂದಷ್ಟು ಸೊಪ್ಪು, ಗೊಬ್ಬರ. ಅಷ್ಟಕ್ಕೆ ಸಾಲ ಮಾಡಿ ಹೊಸ ಗಾಡಿ ಯಾಕೆ?

ಅವತ್ತು ಬೆಳಗಿನ ಜಾವ ನಾಲ್ಕೂವರೆಗೆ ಹೊರಟೆವು. ಗೂಡು ಭಾರ ಇಲ್ಲ, ಜಾಗ ಜಾಸ್ತಿ ಬೇಕು. ಒತ್ತಿದರೆ ನಗ್ಗುತ್ತದೆ, ಸೆಕೆ ತಗುಲಿದರೆ ಕೆಡುತ್ತದೆ. ಹಾಗಾಗಿ ಬಿಸಿಲೇರುವ ಮುಂಚೆ ತಲುಪಬೇಕು. ಮಾವನೇ ಓಡಿಸಿದರು. ಗೇರ್ ಎಲ್ಲಿ ಬೀಳುತ್ತದೆ ಅಂತ ಅವರ ಕೈ ಮರೆತಿರಲಿಲ್ಲ. ಮಾರ್ಕೆಟ್ಟಿನ ಗೇಟಿನ ಹತ್ತಿರ ಗೂಡಿನಿಂದ ನೂಲು ತೆಗೆಯೋ ಹಳೇ ರೀಲರ್ ಒಬ್ಬರು ಗಾಡಿ ಗುರುತು ಹಿಡಿದು, "ಏನ್ ಗೌಡ್ರೇ, ಇದು ಇನ್ನೂ ಇದೆಯಾ?" ಅಂದರು. "ಇದೆಯಪ್ಪ" ಅಂದರು ಮಾವ.

ಎಡಗಡೆ ಬಾಗಿಲಿನ ಗಾಜು ಇಳಿಸೋ ಹ್ಯಾಂಡಲ್ ಇನ್ನೂ ಸಿಕ್ಕಿಲ್ಲ. ಪೇಂಟ್ ಅಂಗಡಿಯಲ್ಲಿ ಬಿಚ್ಚಿಟ್ಟಿದ್ದು ಅಲ್ಲೇ ಕಳೆದುಹೋಯಿತು. ಯಾರ ಹತ್ತಿರವಾದರೂ ಟಾಟಾ ಮೊಬೈಲ್‌ದು ಇದ್ದರೆ ಹೇಳಿ, ಚಿಕ್ಕಬಳ್ಳಾಪುರ, ಕೋಲಾರ ಎಲ್ಲಿದ್ದರೂ ಬಂದು ತಗೊಂಡು ಹೋಗ್ತೀನಿ.