ಟ್ಯಾರೋ ಮತ್ತು ತೊಗರಿ ರೇಟು

ಕಲಬುರಗಿಯಲ್ಲಿ ಗುಟ್ಟಾಗಿ ಭವಿಷ್ಯ ಕೇಳುವುದು ಆಗೋ ಮಾತಲ್ಲ. ಡಿಸೆಂಬರ್ 31ರ ರಾತ್ರಿ ಗೆಳತಿಯ ಮನೆ ಮಾಳಿಗೆ ಮೇಲೆ ಪಾರ್ಟಿ ಇತ್ತು. ಬೆಂಗಳೂರಿಂದ ರಜೆಗೆ ಬಂದಿದ್ದ ಅವಳ ಮಗಳು, ಭವಿಷ್ಯ ನೋಡುವ ಚಿತ್ರದ ಎಲೆಗಳಿರುವ ಟ್ಯಾರೋ ಕಟ್ಟು ತೆಗೆದು, ಒಬ್ಬೊಬ್ಬರೇ ಕೆಳಗಿನ ರೂಮಿಗೆ ಬನ್ನಿ ಅಂದಳು. ಯಾರು ಹೋಗ್ತಾರೆ? ಮಿರ್ಚಿ ಭಜಿ ಪ್ಲೇಟು ಹಿಡಿದುಕೊಂಡೇ ಎಲ್ಲರೂ ಅವಳನ್ನು ಮುತ್ತಿಕೊಂಡರು.

ಇಸ್ಪೀಟಿನಲ್ಲಿ ಪಳಗಿದ ಕಾಕಾ ಒಬ್ಬರು ಮೊದಲು ಕಟ್ಟನ್ನೇ ಕಸಿದುಕೊಂಡು ಎಣಿಸಿದರು. 78 ಎಲೆ. ಅದರಲ್ಲಿ 56 ನಮ್ಮ ಇಸ್ಪೀಟಿನ ಹಾಗೇ, ಬಟ್ಟಲು, ಕತ್ತಿ, ಕೋಲು, ನಾಣ್ಯ ಅಂತ ನಾಲ್ಕು ಜಾತಿ, ರಾಜ ರಾಣಿಯರ ಜೊತೆಗೆ ಒಬ್ಬ ಕುದುರೆ ಸವಾರ ಜಾಸ್ತಿ. ಉಳಿದ 22ರಲ್ಲಿ ಸೂರ್ಯ, ಚಂದ್ರ, ಸಾವು, ಸೊನ್ನೆ ನಂಬರಿನ ಒಬ್ಬ ಪೆದ್ದ. "ಇವನೇ ಜೋಕರ್ ಏನು? ಹಂಗಾರ ರಮ್ಮಿನೇ ಆಡೋಣು" ಅಂದರು ಕಾಕಾ. ಅವರು ತೀರಾ ತಪ್ಪು ಹೇಳಲಿಲ್ಲ. 15ನೇ ಶತಮಾನದ ಇಟಲಿಯಲ್ಲಿ ಇದು ಬರೀ ಆಟ. ಭವಿಷ್ಯ ನೋಡುವ ರೂಢಿ ಜೋರಾದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ.

ಕಾಕಾನ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದದ್ದೇ: "ಈ ಸಲ ತೊಗರಿ ರೇಟ್ ಏನಾಗ್ತದ?"

"ಹಂಗ ಕೇಳಬಾರದು ಕಾಕಾ. ನಾನೇನು ಮಾಡಬೇಕು ಅಂತ ಕೇಳ್ರಿ."

"ಮಾಡೋದೇನದ, ಮಾರೋದು!"

ಎತ್ತಿದ ಎಲೆಯಲ್ಲಿ ಗಿಡದ ತುಂಬ ನಾಣ್ಯ, ಪಕ್ಕದಲ್ಲಿ ಗುದ್ದಲಿಗೆ ಗದ್ದ ಊರಿ ಅದನ್ನೇ ನೋಡುತ್ತಾ ನಿಂತ ಹುಡುಗ. 1909ರಲ್ಲಿ ಲಂಡನ್ನಿನಲ್ಲಿ ಬಂದ ಕಟ್ಟಿನ ಚಿತ್ರ ಇದು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆಯಮ್ಮನಿಗೆ ನಮ್ಮ ತೊಗರಿ ಹೊಲ ಎಲ್ಲಿ ಕಂಡಿತೋ! ಹುಡುಗಿ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬರು, "ಕಾಯ್ರಿ, ಈಗೇ ಮಾರಬ್ಯಾಡ್ರಿ ಅಂತದ." ಇನ್ನೊಬ್ಬರು, "ಕಾದು ಹುಳ ಬಿದ್ದರ?" ಅಲ್ಲಿಂದ ನೆಟೆ ರೋಗ, ಗೋದಾಮಿನ ಬಾಡಿಗೆ, ದಲಾಲಿಗಳು ಎಲ್ಲಾ ಬಂದು ಹೋದವು. ಎಲೆ ಶೇಂಗಾ ಚಟ್ನಿ ಬಟ್ಟಲ ಕೆಳಗೆ ಸಿಕ್ಕಿಬಿತ್ತು.

ಬುಡಬುಡಕಿಯವರು ಬಾಗಿಲಿಗೆ ಬಂದು ಶುಭ ಆಗ್ತದ ಅಂತ ತಾವೇ ಹೇಳಿ ಹಳೇ ಬಟ್ಟೆ ತಗೊಂಡು ಹೋಗುತ್ತಾರೆ, ನಾವು ಸುಮ್ನೆ ಕೇಳಿದರಾಯಿತು. ಟ್ಯಾರೋದಲ್ಲಿ ಎಲೆ ತೋರಿಸುವವರು ಒಬ್ಬರು, ಅರ್ಥ ಹೇಳುವವರು ನಿಮ್ಮನ್ನು ವರ್ಷಾನುಗಟ್ಟಲೆ ನೋಡಿದ ಸುತ್ತಲಿನ ಮಂದಿ. ನನಗೆ ಈ ಮಂದಿಯ ಮೇಲೇ ನಂಬಿಕೆ ಜಾಸ್ತಿ. ಎದುರು ಮನೆ ಹುಡುಗನಿಗೆ ಸಾವಿನ ಎಲೆ ಬಂತು, ಬಿಳಿ ಕುದುರೆ ಮೇಲೆ ಅಸ್ಥಿಪಂಜರ. ಹೆದರಬೇಡ, ಇದು ಬರೀ ಬದಲಾವಣೆ ಅಂದಳು ಹುಡುಗಿ. ಅವನ ತಾಯಿ ತಕ್ಷಣ, "ಬದಲಾವಣಿ ಅಂದ್ರ ಮದಿವಿನೇ ಅಲ್ಲೇನು?" ಹುಡುಗನ ಮುಖ ಆಗ ಬಿಳುಚಿತು.

ನನಗೆ ಬಂದದ್ದು ಹತ್ತು ಕೋಲು. ಕೋಲುಗಳ ಹೊರೆ ತಬ್ಬಿಕೊಂಡು, ಬೆನ್ನು ಬಾಗಿಸಿ ನಡೆಯುವ ಮನುಷ್ಯ. "ಇದಂತೂ ನೀನೇ ನೋಡು" ಅಂದರು ಪಕ್ಕದ ಮನೆ ವೈನಿ. ಸಾಲಿ ಕೆಲಸ, ಅತ್ತೆಯವರ ಔಷಧ, ಮಗಳ ಟ್ಯೂಷನ್ ಅಂತ ಒಂದೊಂದೇ ಕೋಲಿಗೆ ಹೆಸರಿಟ್ಟರು. ಇಷ್ಟೆಲ್ಲ ನೋಡಿದ್ದಾರಲ್ಲ ಅಂತ ಖುಷಿ ಆಯಿತು, ನಿಜ. ಆದರೆ ವೈನಿ ನಿಲ್ಲಬೇಕಲ್ಲ!

"ಮ್ಯಾಲ ತಮ್ಮನ ಕಾರಿನ ಕಂತೂ ಇಕಿನೇ ಕಟ್ತಾಳ."

ಭಜಿ ತಿನ್ನುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. "ಯಾವ ಕಾರು?"

ಇನ್ನೊಂದು ಎಲೆ ಎತ್ತಲಾ ಆಂಟಿ ಅಂತ ಹುಡುಗಿ ಕೇಳಿದಳು. ಬೇಡವೇ ತಾಯಿ ಅಂದೆ.